ಮಂಗನಿಗೆ ಮಾರ್ಮೈಟ್ ತಿನ್ನಿಸಿ ವಿಟಮಿನ್ ಕಂಡುಹಿಡಿದರಾ? ಲೂಸಿ ವಿಲ್ಸ್ ಅವರ ಪೂರ್ತಿ ಕಥೆ

ಬ್ರಿಟನ್ನಿನ ಡಾಕ್ಟರಮ್ಮ ಒಬ್ಬರು ಸಾಯುವ ಸ್ಥಿತಿಯಲ್ಲಿದ್ದ ಮಂಗವೊಂದಕ್ಕೆ, ಬೇರೆ ದಾರಿ ಕಾಣದೆ, ಬ್ರೆಡ್ಡಿಗೆ ಹಚ್ಚಿಕೊಳ್ಳುವ ಮಾರ್ಮೈಟ್ ತಿನ್ನಿಸಿದರಂತೆ. ಮಂಗ ಚೇತರಿಸಿಕೊಂಡಿತಂತೆ. ಹೀಗೆ ಅದೃಷ್ಟದ ಮೇಲೆ ಬಸುರಿಯರಿಗೆ ಬೇಕಾದ ಫೋಲಿಕ್ ಆಸಿಡ್ ಸಿಕ್ಕಿತಂತೆ. ಈ ಕಥೆ ಫಾರ್ವರ್ಡ್ ಆಗಿ ನಿಮ್ಮ ಫೋನಿಗೂ ಬಂದಿರಬಹುದು. 2019ರ ಮೇ 10ರಂದು ಗೂಗಲ್ ತನ್ನ ಮುಖಪುಟದಲ್ಲಿ ಆಕೆಯ ಚಿತ್ರ ಹಾಕಿದ ಮೇಲೆ ಇದು ಇನ್ನಷ್ಟು ಜನರ ಬಾಯಿಗೆ ಬಿತ್ತು.

ನಾವು ಈ ಕಥೆಯನ್ನು ಪರಿಶೀಲಿಸಿದೆವು. ಮಂಗ ಇದ್ದದ್ದು ನಿಜ, ಮಾರ್ಮೈಟ್ ಇದ್ದದ್ದೂ ನಿಜ. ಆದರೆ ಫಾರ್ವರ್ಡು ಅರ್ಧದಿಂದ ಶುರುವಾಗುತ್ತದೆ. ಮಂಗನ ಬೋನಿನ ಹತ್ತಿರ ಹೋಗುವ ಮೊದಲು ಆಕೆ ಬಾಂಬೆಯ ಹೆಂಗಸರು ಏನು ಉಣ್ಣುತ್ತಾರೆ, ಹೇಗೆ ಬದುಕುತ್ತಾರೆ ಎಂದು ಒಂದು ಸಮೀಕ್ಷೆ ಮಾಡಿದ್ದರು. ಅದನ್ನು ಬಿಟ್ಟರೆ ಮಂಗನ ಕಥೆಗೆ ಅರ್ಥವೇ ಇಲ್ಲ. ಆದ್ದರಿಂದ ಮೊದಲಿನಿಂದ ಹೇಳುತ್ತೇವೆ.

ಡಾಕ್ಟರಾಗಿದ್ದು 32ನೇ ವಯಸ್ಸಿಗೆ

ಲೂಸಿ ವಿಲ್ಸ್ ಹುಟ್ಟಿದ್ದು 1888ರ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಸಟನ್ ಕೋಲ್ಡ್‌ಫೀಲ್ಡ್ ಎಂಬಲ್ಲಿ. ಮನೆತನ ಸ್ಥಿತಿವಂತರದು. ಕುಡುಗೋಲಿನಂಥ ಕೃಷಿ ಉಪಕರಣ ತಯಾರಿಸುವ ಕಾರ್ಖಾನೆ ಇತ್ತು. ತಂದೆ ಸ್ವತಃ ವಿಜ್ಞಾನ ಓದಿದವರು. ಹೆಣ್ಣುಮಕ್ಕಳಿಗೆ ವಿಜ್ಞಾನ, ಗಣಿತ ಕಲಿಸುವ ಶಾಲೆಗಳೇ ಕಡಿಮೆ ಇದ್ದ ಕಾಲದಲ್ಲಿ ಆಕೆಗೆ ಅಂಥ ಶಾಲೆ ಸಿಕ್ಕಿತು.

1907ರಲ್ಲಿ ಕೇಂಬ್ರಿಡ್ಜಿನ ನ್ಯೂನಮ್ ಕಾಲೇಜು ಸೇರಿ ಸಸ್ಯಶಾಸ್ತ್ರ, ಭೂವಿಜ್ಞಾನ ಓದಿದರು. 1911ರಲ್ಲಿ ಪರೀಕ್ಷೆ ಮುಗಿಸಿದರು. ಪದವಿ ಮಾತ್ರ ಸಿಗಲಿಲ್ಲ. ಹೆಂಗಸರು ತರಗತಿಯಲ್ಲಿ ಕೂರಬಹುದು, ಪರೀಕ್ಷೆ ಬರೆಯಬಹುದು, ಆದರೆ ಪದವಿ ಗಂಡಸರಿಗೆ ಮಾತ್ರ ಎಂಬುದು ಕೇಂಬ್ರಿಡ್ಜಿನ ಆಗಿನ ನಿಯಮ. ಅದು ಬದಲಾಗಿದ್ದು 1948ರಲ್ಲಿ. ನಮ್ಮಲ್ಲಿ ಎಷ್ಟೋ ಜನ ಇಂಥ ಕಟ್ಟುಪಾಡು ನಮ್ಮ ದೇಶದಲ್ಲಷ್ಟೇ ಇತ್ತು ಅಂದುಕೊಂಡಿರುತ್ತೇವೆ, ಅದಕ್ಕೇ ಈ ಮಾತು ಹೇಳಿದೆವು.

ಅದೇ ವರ್ಷ ತಂದೆ ತೀರಿಕೊಂಡರು. ಎರಡು ವರ್ಷಕ್ಕೆ ಅಕ್ಕ ಈಡಿತ್ ಹೋದರು, ಆಗ ಅವರಿಗೆ 26 ವರ್ಷ. ಲೂಸಿ ಸಿಲೋನಿಗೆ, ಅಂದರೆ ಇವತ್ತಿನ ಶ್ರೀಲಂಕಾಕ್ಕೆ, ಆಮೇಲೆ 1914ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿದ್ದಾಗಲೇ ಮೊದಲ ಮಹಾಯುದ್ಧ ಶುರುವಾಯಿತು. ಕೇಪ್‌ಟೌನಿನಲ್ಲಿ ಸ್ವಯಂಸೇವಕಿಯಾಗಿ ನರ್ಸ್ ಕೆಲಸ ಮಾಡಿದರು. ವಾಪಸಾಗಿ 1915ರ ಜನವರಿಯಲ್ಲಿ ಲಂಡನ್ನಿನಲ್ಲಿ ಮಹಿಳೆಯರಿಗಾಗಿಯೇ ಇದ್ದ ವೈದ್ಯಕೀಯ ಶಾಲೆಗೆ ಸೇರಿಕೊಂಡರು. ಭಾರತಕ್ಕೆ ಕೆಲಸ ಮಾಡಲು ಬಂದ ಎಷ್ಟೋ ಬ್ರಿಟಿಷ್ ಡಾಕ್ಟರಮ್ಮಂದಿರು ಓದಿದ ಶಾಲೆ ಅದು. 1920ರಲ್ಲಿ ವೈದ್ಯಕೀಯ ಪದವಿ ಕೈಗೆ ಬಂದಾಗ ಲೂಸಿ ಅವರಿಗೆ 32.

ಕ್ಲಿನಿಕ್ ತೆರೆದು ಕೂರುವ ಮನಸ್ಸು ಅವರಿಗಿರಲಿಲ್ಲ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಲ್ಯಾಬಿನಲ್ಲಿ ಸಂಶೋಧನೆಗೆ, ಪಾಠಕ್ಕೆ ನಿಂತರು. ಬಸುರಿಯರ ರಕ್ತದಲ್ಲಿ ಆಗುವ ಬದಲಾವಣೆಗಳ ಮೇಲೆ ಆಗಲೇ ಅವರ ಕಣ್ಣಿತ್ತು.

ಬಾಂಬೆಯಲ್ಲಿ ಕಂಡ ರಕ್ತಹೀನತೆ

1920ರ ದಶಕದ ಬಾಂಬೆಯಲ್ಲಿ ತಾಯಂದಿರ ಸಾವು ದೊಡ್ಡ ತಲೆನೋವಾಗಿತ್ತು. ಹೆರಿಗೆ ಹತ್ತಿರವಾಗುತ್ತಿದ್ದಂತೆ ಕೆಲವು ಹೆಂಗಸರು ಬಿಳಿಚಿಕೊಳ್ಳುತ್ತಿದ್ದರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಕಾಲು ಮುಖ ಊತ. ಹಲವರು ಬದುಕುತ್ತಿರಲಿಲ್ಲ. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರಲ್ಲಿ ಇದು ಹೆಚ್ಚು.

ಭಾರತದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದ ಡಾ. ಮಾರ್ಗರೆಟ್ ಬಾಲ್ಫೋರ್ ಈ ವಿಷಯ ಕೈಗೆತ್ತಿಕೊಂಡಿದ್ದರು. ಭಾರತೀಯ ಸಂಶೋಧನಾ ನಿಧಿ ಸಂಘ ತಾಯಂದಿರ ಮರಣದ ಬಗ್ಗೆ ವಿಚಾರಣೆ ನಡೆಸುತ್ತಿತ್ತು. ಇದೇ ಸಂಘ 1949ರಲ್ಲಿ ಐಸಿಎಂಆರ್ ಆಯಿತು. ಬಾಲ್ಫೋರ್ ಈ ವಿಚಾರಣೆಗೆ ಲೂಸಿಯವರನ್ನು ಕರೆಸಿಕೊಂಡರು. 1928ರಲ್ಲಿ ಲೂಸಿ ಬಾಂಬೆಯ ಹಾಫ್‌ಕಿನ್ ಸಂಸ್ಥೆಗೆ ಬಂದಿಳಿದರು.

ಸೂಕ್ಷ್ಮದರ್ಶಕದಲ್ಲಿ ಈ ಹೆಂಗಸರ ರಕ್ತ ನೋಡಿದರೆ ಕೆಂಪು ಕಣಗಳು ಕಡಿಮೆ, ಆದರೆ ಒಂದೊಂದೂ ಮಾಮೂಲಿಗಿಂತ ದಪ್ಪ. ಕಬ್ಬಿಣದಂಶ ಕಡಿಮೆಯಾದಾಗ ಕಣಗಳು ಸಣ್ಣಗಾಗುತ್ತವೆ. ಇಲ್ಲಿ ಉಲ್ಟಾ. ಯುರೋಪಿನಲ್ಲಿ ಹೆಚ್ಚಾಗಿ ವಯಸ್ಸಾದವರಿಗೆ ಬರುತ್ತಿದ್ದ ಮಾರಕ ರಕ್ತಹೀನತೆ ಎಂಬ ಕಾಯಿಲೆಯಲ್ಲೂ ಹೀಗೇ ದಪ್ಪ ಕಣಗಳು ಕಾಣುತ್ತಿದ್ದವು. ಹಾಗಾಗಿ ಡಾಕ್ಟರುಗಳು ಇದನ್ನೂ ಬಸಿರಿನ ಮಾರಕ ರಕ್ತಹೀನತೆ ಎಂದೇ ಕರೆಯುತ್ತಿದ್ದರು. ಲೂಸಿಗೆ ಒಂದು ವ್ಯತ್ಯಾಸ ಕಂಡಿತು. ಯುರೋಪಿನ ಆ ರೋಗಿಗಳ ಹೊಟ್ಟೆಯಲ್ಲಿ ಆಮ್ಲವೇ ಉತ್ಪತ್ತಿಯಾಗುತ್ತಿರಲಿಲ್ಲ. ಬಾಂಬೆಯ ಈ ಹೆಂಗಸರಲ್ಲಿ ಆ ತೊಂದರೆ ಇರಲಿಲ್ಲ. ಹಾಗಾದರೆ ಇದು ಬೇರೆಯೇ ಕಾಯಿಲೆ ಇರಬೇಕು.

ಬೇರೆ ಅಂದರೆ ಯಾವುದು? ರೋಗಾಣುವೇ? ವಿಷವೇ? ಊಟವೇ?

ಲ್ಯಾಬಿನಿಂದ ಅಡುಗೆಮನೆಗೆ

ಎಸ್.ಎನ್. ತಲ್ಪಾಡೆ ಅವರ ಜೊತೆ ಸೇರಿ ಲೂಸಿ ಬಾಂಬೆಯ ಹೆಂಗಸರ ಆಹಾರ ಮತ್ತು ಬದುಕಿನ ಪರಿಸ್ಥಿತಿ ಕುರಿತು ಒಂದು ಸಮೀಕ್ಷೆ ನಡೆಸಿದರು. 1930ರಲ್ಲಿ ಭಾರತದ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಇಡೀ ಕಥೆಯಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದು. ಫಾರ್ವರ್ಡುಗಳಲ್ಲಿ ಇದರ ಸುಳಿವೂ ಇಲ್ಲ, ತಲ್ಪಾಡೆಯವರ ಹೆಸರೂ ಇಲ್ಲ.

ಇದು ಯಾಕೆ ದೊಡ್ಡ ವಿಷಯ ಅಂತ ಕೇಳಬಹುದು. ಆಸ್ಪತ್ರೆಯಲ್ಲಿ ಕಾಣುವುದು ಕಾಯಿಲೆ ಬಿದ್ದವರು ಮಾತ್ರ. ಅವರೆಲ್ಲ ಕಡಿಮೆ ಉಂಡವರೇ ಎಂದು ಗೊತ್ತಾದರೂ ಏನೂ ಸಾಬೀತಾಗದು, ಏಕೆಂದರೆ ಕಾಯಿಲೆ ಬಂದಮೇಲೆ ಯಾರಿಗೂ ಊಟ ಸೇರುವುದಿಲ್ಲ. ಕಾಯಿಲೆ ಬಾರದ ಹೆಂಗಸರು ಏನು ಉಣ್ಣುತ್ತಿದ್ದಾರೆ ಎಂಬುದೂ ತಿಳಿಯಬೇಕು. ಬೇರೆ ಬೇರೆ ಸಮುದಾಯದ, ಬೇರೆ ಬೇರೆ ಆದಾಯದ ಹೆಂಗಸರ ಊಟವನ್ನು ಹೋಲಿಸಬೇಕು. ಅದಕ್ಕೆ ಜನರ ದಿನನಿತ್ಯದ ಬದುಕನ್ನೇ ಕೇಳಿ ಬರೆದುಕೊಳ್ಳಬೇಕು.

ಹಾಗೆ ಹೋಲಿಸಿದಾಗ ಒಂದು ಚಿತ್ರ ಮೂಡಿತು. ಬಡ ಮುಸ್ಲಿಂ ಹೆಂಗಸರ ಊಟವೇ ಎಲ್ಲರಿಗಿಂತ ಕೊರತೆಯದು, ಈ ರಕ್ತಹೀನತೆಯೂ ಅವರಲ್ಲೇ ಹೆಚ್ಚು. ಬಿಳಿ ಅಕ್ಕಿ ಇದೆ, ಚಹಾ ಇದೆ. ಹಸಿರು ತರಕಾರಿ, ಹಣ್ಣು, ಹಾಲು, ಮೊಟ್ಟೆಯಂಥವು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಊಟ ಸುಧಾರಿಸಿದ ಕಡೆ ಕಾಯಿಲೆ ಇಳಿಯುತ್ತಿತ್ತು.

ಇಲ್ಲೊಂದು ಎಚ್ಚರಿಕೆ. ಈ ಸಾಲನ್ನಷ್ಟೇ ಕತ್ತರಿಸಿ ಇನ್ನೊಂದು ಫಾರ್ವರ್ಡ್ ಮಾಡಬೇಡಿ. ಕಾಯಿಲೆ ಧರ್ಮ ನೋಡಿ ಬಂದದ್ದಲ್ಲ, ತಟ್ಟೆ ನೋಡಿ ಬಂದದ್ದು. ಅದೇ ತಟ್ಟೆ ಯಾರ ಮುಂದಿದ್ದರೂ ಅದೇ ಆಗುತ್ತಿತ್ತು. ಇದನ್ನು ಲೂಸಿ ಮುಂದೆ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿಯೇ ತೋರಿಸಿದರು.

ಹೇನು ಮಾಡಿದ ಎಡವಟ್ಟು

1929ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಲೂಸಿ ನೀಲಗಿರಿಯ ಕೂನೂರಿನಲ್ಲಿದ್ದರು. ಅಲ್ಲಿನ ಪಾಶ್ಚರ್ ಸಂಸ್ಥೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಪೌಷ್ಟಿಕ ಆಹಾರದ ಸಂಶೋಧನೆ ನಡೆಸುತ್ತಿದ್ದರು. ಇವತ್ತು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಹುಟ್ಟಿದ್ದು ಕೂನೂರಿನ ಆ ಲ್ಯಾಬಿನಲ್ಲೇ.

ಸಮೀಕ್ಷೆಯಲ್ಲಿ ಕಂಡ ಊಟವನ್ನೇ ಹೋಲುವ ಆಹಾರವನ್ನು ಬಿಳಿ ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳಿಗೂ ರಕ್ತಹೀನತೆ ಬಂತು. ಗಬ್ಬದ ಇಲಿಗಳು ಮರಿ ಹಾಕುವ ಮೊದಲೇ ಸತ್ತವು. ಆಹಾರಕ್ಕೆ ಈಸ್ಟ್ ಸೇರಿಸಿದರೆ ಕಾಯಿಲೆ ಬರಲಿಲ್ಲ. ಈಸ್ಟ್ ಅಂದರೆ ಬ್ರೆಡ್ಡಿನ ಹಿಟ್ಟು ಉಬ್ಬಲು ಹಾಕುತ್ತಾರಲ್ಲ, ಅದೇ ಜಾತಿಯ ಸೂಕ್ಷ್ಮಜೀವಿ. ಬಿ ಗುಂಪಿನ ವಿಟಮಿನ್ ಅದರಲ್ಲಿ ಹೇರಳ.

ಇನ್ನೇನು ಉತ್ತರ ಸಿಕ್ಕಿತು ಅನ್ನುವಾಗ ಒಂದು ವಿಷಯ ಹೊರಬಿತ್ತು. ಇಲಿಗಳ ಮೈಮೇಲೆ ಹೇನಿದ್ದವು. ಆ ಹೇನುಗಳಿಂದ ಹರಡುವ ಬಾರ್ಟೊನೆಲ್ಲಾ ಎಂಬ ಸೋಂಕು ಕೂಡ ರಕ್ತಹೀನತೆ ತರುತ್ತದೆ. ಹಾಗಾದರೆ ಇಲಿಗಳಿಗೆ ಕಾಯಿಲೆ ಬಂದದ್ದು ಊಟದಿಂದಲೋ, ಹೇನಿನಿಂದಲೋ? ಖಚಿತವಾಗಿ ಹೇಳುವಂತಿರಲಿಲ್ಲ. ಎಷ್ಟೋ ಜನ ಇಂಥ ಕಡೆ ಕಣ್ಣು ಮುಚ್ಚಿ ಮುಂದೆ ಹೋಗುತ್ತಾರೆ. ಲೂಸಿ ಮತ್ತು ಅವರ ಸಹೋದ್ಯೋಗಿ ಎಂ.ಎಂ. ಮೆಹ್ತಾ ಈ ಸೋಂಕಿನ ಬಗ್ಗೆ ತಮ್ಮ ಲೇಖನದಲ್ಲೇ ಬರೆದರು. ಆಮೇಲೆ ಇಲಿ ಬಿಟ್ಟು ಮಂಗಗಳ ಮೇಲೆ ಹೊಸದಾಗಿ ಪ್ರಯೋಗ ಶುರುಮಾಡಬೇಕಾಯಿತು.

ಮಂಗ ಕಥೆಯೊಳಗೆ ಬಂದದ್ದು ಹೀಗೆ. ಫಾರ್ವರ್ಡು ಅದನ್ನು ಅದೃಷ್ಟ ಎನ್ನುತ್ತದೆ. ನಿಜವಾಗಿ ಅದು ಹಿಂದಿನ ತಪ್ಪನ್ನು ತಿದ್ದಿಕೊಳ್ಳಲು ಹಿಡಿದ ದಾರಿ.

ಮಾರ್ಮೈಟ್ ಯಾಕೆ?

ಬಾಂಬೆಯ ಊಟದಂಥ ಆಹಾರ ತಿಂದ ಮಂಗಗಳಿಗೂ ದಪ್ಪ ಕಣಗಳ ರಕ್ತಹೀನತೆ ಬಂತು. ಅವುಗಳಲ್ಲಿ ಒಂದಕ್ಕೆ ಮಾರ್ಮೈಟ್ ಕೊಟ್ಟಾಗ ಅದು ಬೆರಗಾಗುವಂತೆ ಚೇತರಿಸಿಕೊಂಡಿತು. ಮಾರ್ಮೈಟ್ ಅಂದರೆ ಬೇರೇನಲ್ಲ, ಬಿಯರ್ ಮಾಡಿದ ಮೇಲೆ ಉಳಿಯುವ ಈಸ್ಟಿನಿಂದ ತೆಗೆದ ಕಪ್ಪು ಬಣ್ಣದ ಉಪ್ಪುಪ್ಪು ಲೇಹ್ಯ. 1902ರಿಂದ ಇಂಗ್ಲೆಂಡಿನಲ್ಲಿ ತಯಾರಾಗುತ್ತಿತ್ತು. ಈಸ್ಟ್ ಕೊಟ್ಟ ಇಲಿಗಳು ಬಚಾವಾಗಿದ್ದನ್ನು ಆಕೆ ಆಗಲೇ ನೋಡಿದ್ದರು. ಹಾಗಾಗಿ ಕೈ ಮಾರ್ಮೈಟ್ ಕಡೆಗೆ ಹೋದದ್ದು ಕಣ್ಣು ಮುಚ್ಚಿ ಹೋದದ್ದಲ್ಲ. ಅದರ ಇನ್ನೊಂದು ಗುಣ, ಅದು ಅಗ್ಗ.

ಅಗ್ಗ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾರಕ ರಕ್ತಹೀನತೆಗೆ 1926ರ ಹೊತ್ತಿಗೆ ಅಮೆರಿಕದ ಮೈನಾಟ್ ಮತ್ತು ಮರ್ಫಿ ಒಂದು ಚಿಕಿತ್ಸೆ ತೋರಿಸಿದ್ದರು. ರೋಗಿಗೆ ಪ್ರಾಣಿಗಳ ಲಿವರನ್ನು ಬಹಳಷ್ಟು ತಿನ್ನಿಸುವುದು. ಆಮೇಲೆ ಲಿವರಿನ ಸಾರ ತೆಗೆದು ಕೊಡತೊಡಗಿದರು. ಬಾಂಬೆಯ ಗಿರಣಿ ಕೆಲಸದ ಹೆಂಗಸಿಗೆ ಅದೆಲ್ಲ ಕೈಗೆ ಎಟುಕುವಂಥದ್ದಲ್ಲ. ಕೆಲವರು ಮಾಂಸವನ್ನೇ ಮುಟ್ಟದವರು. ಮಾರ್ಮೈಟಿಗೆ ಈ ಎರಡೂ ತೊಡಕಿಲ್ಲ.

ಬಸುರಿಯರಿಗೆ ಮಾರ್ಮೈಟ್ ಕೊಟ್ಟರು. ಕೆಲವೇ ದಿನಗಳಲ್ಲಿ ರಕ್ತದಲ್ಲಿ ಹೊಸ ಕೆಂಪು ಕಣಗಳು ಕಾಣಿಸಿಕೊಂಡವು. ಹಸಿವು ಮರಳಿತು. 1931ರ ಆರಂಭದಲ್ಲಿ ಮದ್ರಾಸಿನ ಗೋಷಾ ಆಸ್ಪತ್ರೆಯಲ್ಲೂ ಅವರು ಕೆಲಸ ಮಾಡಿದರು. ಪರದೆ ಪದ್ಧತಿ ಪಾಲಿಸುವ ಹೆಂಗಸರಿಗಾಗಿ ಇದ್ದ ಆ ಆಸ್ಪತ್ರೆ ಈಗ ಚೆನ್ನೈನ ಕಸ್ತೂರ್ಬಾ ಗಾಂಧಿ ಆಸ್ಪತ್ರೆ. ಅದೇ ವರ್ಷ ಜೂನ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ಲೇಖನ ಬಂತು. ಜಗತ್ತಿನ ಡಾಕ್ಟರುಗಳಿಗೆ ಈ ಚಿಕಿತ್ಸೆ ಗೊತ್ತಾದದ್ದು ಆಗ.

ಲೂಸಿ ಅಲ್ಲಿಗೇ ನಿಲ್ಲಲಿಲ್ಲ. ಲಿವರಿನ ಒರಟು ಸಾರ ಕೊಟ್ಟರೆ ಈ ರಕ್ತಹೀನತೆ ವಾಸಿಯಾಗುತ್ತಿತ್ತು. ಅದನ್ನೇ ಚೆನ್ನಾಗಿ ಶುದ್ಧ ಮಾಡಿ ಕೊಟ್ಟರೆ ಆಗುತ್ತಿರಲಿಲ್ಲ. ವಿಚಿತ್ರ ಅಂದರೆ ಮಾರಕ ರಕ್ತಹೀನತೆಯನ್ನು ವಾಸಿ ಮಾಡುತ್ತಿದ್ದದ್ದು ಆ ಶುದ್ಧ ಸಾರವೇ. ಅಂದರೆ ಶುದ್ಧ ಮಾಡುವಾಗ ಏನೋ ಒಂದು ಸೋಸಿಹೋಗುತ್ತಿದೆ. ಎರಡು ಕಾಯಿಲೆ, ಎರಡು ಬೇರೆ ಬೇರೆ ಪದಾರ್ಥ. ಲಿವರಿನ ಶುದ್ಧ ಸಾರದಲ್ಲಿದ್ದದ್ದನ್ನು ನಾವು ಈಗ ಬಿ12 ಎನ್ನುತ್ತೇವೆ. ಈಸ್ಟಿನಲ್ಲಿದ್ದ ಇನ್ನೊಂದಕ್ಕೆ ಆಗ ಹೆಸರೇ ಇರಲಿಲ್ಲ. ವಿಜ್ಞಾನಿಗಳು ಅದನ್ನು ವಿಲ್ಸ್ ಅಂಶ ಎಂದು ಕರೆದರು.

1941ರಲ್ಲಿ ಅಮೆರಿಕದಲ್ಲಿ ರಾಶಿ ರಾಶಿ ಪಾಲಕ್ ಸೊಪ್ಪಿನಿಂದ ಒಂದು ಪದಾರ್ಥ ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಸಿಡ್ ಎಂದು ಹೆಸರಿಟ್ಟರು. 1945ರಲ್ಲಿ ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ಬಗೆ ಗೊತ್ತಾಯಿತು. ಅದನ್ನು ಸಾಧಿಸಿದ ಲೆಡರ್ಲಿ ಲ್ಯಾಬಿನ ಸಂಶೋಧನಾ ಮುಖ್ಯಸ್ಥರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಬಾಂಬೆಯ ಬಸುರಿಯರ ಊಟದಿಂದ ಶುರುವಾದ ಹುಡುಕಾಟ ಒಬ್ಬ ತೆಲುಗು ವಿಜ್ಞಾನಿಯ ಲ್ಯಾಬಿನಲ್ಲಿ ಮಾತ್ರೆಯಾಯಿತು ಎಂದರೆ ತಪ್ಪಲ್ಲ.

ಬಸಿರಿಗೂ ಫೋಲಿಕ್ ಆಸಿಡ್‌ಗೂ ಏನು ಸಂಬಂಧ?

ದೇಹದ ಒಂದು ಕಣ ಎರಡಾಗಬೇಕಾದರೆ ಅದರೊಳಗಿನ ಡಿಎನ್‌ಎ ಮೊದಲು ಎರಡಾಗಬೇಕು. ಆ ಕೆಲಸಕ್ಕೆ ಫೋಲೇಟ್ ಬೇಕು. ಅದು ಸಾಲದಿದ್ದರೆ ಕಣ ಬೆಳೆಯುತ್ತದೆ, ಒಡೆದು ಎರಡಾಗಲಾರದು. ದಪ್ಪಗೆ, ಸಂಖ್ಯೆಯಲ್ಲಿ ಕಡಿಮೆಯಾಗಿ ಉಳಿದುಬಿಡುತ್ತದೆ. ಲೂಸಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಅದನ್ನೇ. ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಲೆಕ್ಕವಿಲ್ಲದಷ್ಟು ಕಣಗಳು ಹುಟ್ಟಬೇಕು. ಹಾಗಾಗಿ ಮೊದಲೇ ಫೋಲೇಟ್ ಕಡಿಮೆ ಇರುವ ತಾಯಿಗೆ ದಿನ ತುಂಬುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ಇನ್ನೊಂದು ಉಪಯೋಗ ಲೂಸಿ ತೀರಿಕೊಂಡ ಎಷ್ಟೋ ವರ್ಷದ ಮೇಲೆ ಖಚಿತವಾಯಿತು. ಮಗುವಿನ ಮಿದುಳು, ಬೆನ್ನುಹುರಿ ಆಗುವ ನಳಿಗೆ ಗರ್ಭ ಕಟ್ಟಿದ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗು ಬೆನ್ನುಹುರಿಯ ದೋಷದೊಂದಿಗೆ ಹುಟ್ಟುತ್ತದೆ. ಮೊದಲು ಇಂಥ ಮಗು ಆಗಿದ್ದ ತಾಯಂದಿರ ಮೇಲೆ ಏಳು ದೇಶಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 1991ರಲ್ಲಿ ಬಂತು. ಫೋಲಿಕ್ ಆಸಿಡ್ ತೆಗೆದುಕೊಂಡವರಲ್ಲಿ ಈ ದೋಷ ಮರುಕಳಿಸುವುದು 72% ಕಡಿಮೆಯಾಗಿತ್ತು. ನಾಲ್ಕು ವಾರ ಅಂದರೆ ಎಷ್ಟೋ ಜನಕ್ಕೆ ತಾವು ಬಸುರಿ ಎಂದು ಗೊತ್ತೇ ಇರುವುದಿಲ್ಲ. ಮಗು ಬೇಕು ಎಂದು ನಿರ್ಧರಿಸಿದಾಗಲೇ ಮಾತ್ರೆ ಶುರುಮಾಡಿ ಎಂದು ಡಾಕ್ಟರುಗಳು ಹೇಳುವುದು ಅದಕ್ಕೇ.

ಯುದ್ಧ, ರೇಷನ್, ಸೈಕಲ್ಲು

ಲೂಸಿ 1933ರಿಂದ ಮತ್ತೆ ಪೂರ್ತಿ ರಾಯಲ್ ಫ್ರೀ ಆಸ್ಪತ್ರೆಗೆ ಮರಳಿದರು. 1937ರ ಕೊನೆಗೆ ಇನ್ನೊಮ್ಮೆ ಬಾಂಬೆಗೆ ಬಂದರು. ಅದು ಅವರ ಮೊದಲ ವಿಮಾನಯಾನ. ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಇಂಗ್ಲೆಂಡಿನಿಂದ ಕರಾಚಿಗೆ ಬರಲು ಐದು ದಿನ ಹಿಡಿಯಿತು.

ಎರಡನೇ ಮಹಾಯುದ್ಧದ ಹೊತ್ತಿಗೆ ಅವರ ದೇಶದಲ್ಲೇ ಊಟದ ಪ್ರಶ್ನೆ ಎದ್ದಿತು. ಬ್ರಿಟನ್ನಿನಲ್ಲಿ ಬೆಣ್ಣೆ, ಮಾಂಸ, ಸಕ್ಕರೆ ಎಲ್ಲಕ್ಕೂ ರೇಷನ್. ಸರ್ಕಾರ 1940ರಲ್ಲಿ ಬಸುರಿಯರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ಅಗ್ಗದ ದರದಲ್ಲಿ, ಕೈಲಾಗದವರಿಗೆ ಪುಕ್ಕಟೆಯಾಗಿ, ದಿನವೂ ಹಾಲು ಕೊಡುವ ಯೋಜನೆ ತಂದಿತು. ಈ ರೇಷನ್ ಮತ್ತು ಕಬ್ಬಿಣದ ಮಾತ್ರೆಯಿಂದ ಬಸುರಿಯರ ರಕ್ತದ ಮಟ್ಟ ಏನಾಗುತ್ತದೆ ಎಂದು ಲೂಸಿ ಮತ್ತು ಸಂಗಡಿಗರು ಅಳೆದರು. 1944ರಲ್ಲಿ ಅವರ ಆಸ್ಪತ್ರೆಯ ಮೇಲೆಯೇ ಜರ್ಮನಿಯ ಹಾರುಬಾಂಬು ಬಿತ್ತು. ಕೆಲಸ ನಿಲ್ಲಲಿಲ್ಲ, 1947ರಲ್ಲಿ ಲೇಖನ ಪ್ರಕಟವಾಯಿತು. ಅದೇ ವರ್ಷ ನಿವೃತ್ತರಾದರು.

ನಿವೃತ್ತಿಯ ಮೇಲೆ ಜಮೈಕಾ, ಫಿಜಿ, ದಕ್ಷಿಣ ಆಫ್ರಿಕಾಗಳಿಗೆ ಹೋಗಿ ಪೌಷ್ಟಿಕತೆ, ರಕ್ತಹೀನತೆ ಕುರಿತು ಕೆಲಸ ಮಾಡಿದರು. ಕೊನೆಯ ಹತ್ತು ವರ್ಷ ಲಂಡನ್ನಿನ ಚೆಲ್ಸಿಯಲ್ಲಿ ಲೇಬರ್ ಪಕ್ಷದಿಂದ ಸ್ಥಳೀಯ ಕೌನ್ಸಿಲರ್. ಮದುವೆಯಾಗಲಿಲ್ಲ. ಬೆಟ್ಟ ಹತ್ತುವುದು, ಹಿಮದ ಮೇಲೆ ಜಾರುವುದು ಅಂದರೆ ಪ್ರಾಣ. ಆಸ್ಪತ್ರೆಯ ದೊಡ್ಡ ಡಾಕ್ಟರುಗಳು ಕಾರಿನಲ್ಲಿ ಬಂದರೆ ಈಕೆ ಸೈಕಲ್ ಮೇಲೆ ಬರುತ್ತಿದ್ದರು. 1964ರ ಏಪ್ರಿಲ್ 26ರಂದು, 76 ತುಂಬಲು ಎರಡು ವಾರ ಇರುವಾಗ ತೀರಿಕೊಂಡರು.

ಆ ಸಮೀಕ್ಷೆ ಮುಂದೆ ಏನಾಯಿತು?

1935ರಲ್ಲಿ ಕೂನೂರಿನ ಲ್ಯಾಬಿಗೆ ವಾಲೇಸ್ ಅಯ್ಕ್‌ರಾಯ್ಡ್ ಮುಖ್ಯಸ್ಥರಾದರು. ಮನೆಗಳಿಗೆ ಹೋಗಿ ಏನೇನು ಬೇಯುತ್ತದೆ ಎಂದು ತೂಕ ಹಾಕಿ ಬರೆದುಕೊಳ್ಳುವ ಆಹಾರ ಸಮೀಕ್ಷೆಗಳು ಆಗ ಹಲವೆಡೆ ನಡೆದವು. ಆ ಲೆಕ್ಕದಲ್ಲಿ ಒಂದು ತೊಡಕಿತ್ತು. ಗಂಡಾಳಿಗೆ 1, ಹೆಣ್ಣಾಳಿಗೆ 0.8, ಮಕ್ಕಳಿಗೆ ಇನ್ನೂ ಕಡಿಮೆ ಎಂದು ಮನೆಯ ಒಟ್ಟು ಆಹಾರವನ್ನು ಭಾಗ ಮಾಡುತ್ತಿದ್ದರು. ಹಾಗೆ ಭಾಗ ಮಾಡಿದರೆ ಮನೆಯಲ್ಲಿ ಎಲ್ಲರಿಗೂ ಅವರವರ ಪಾಲು ಸಿಗುತ್ತದೆ ಎಂದು ಮೊದಲೇ ಒಪ್ಪಿಕೊಂಡಂತೆ. ನಮ್ಮ ಮನೆಗಳ ಕಥೆ ನಿಮಗೆ ಗೊತ್ತು. ಗಂಡಸರ ಊಟವಾಗಬೇಕು, ಮಕ್ಕಳದ್ದಾಗಬೇಕು, ಅತ್ತೆ ಮಾವನದ್ದಾಗಬೇಕು. ಕೊನೆಗೆ ಕೂರುವ ಸೊಸೆಗೆ ಅನ್ನ ಉಳಿದಿರುತ್ತದೆ, ಪಲ್ಯದ ಬಾಣಲೆ ಖಾಲಿಯಾಗಿರುತ್ತದೆ. ಮನೆಯ ಸರಾಸರಿ ಚೆನ್ನಾಗಿಯೇ ಕಾಣುತ್ತದೆ.

ಆದ್ದರಿಂದ ಆಮೇಲಿನ ಸಮೀಕ್ಷೆಗಳಲ್ಲಿ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳುವ ಕ್ರಮ ಬಂತು. 1972ರಲ್ಲಿ ಐಸಿಎಂಆರ್ ಶುರುಮಾಡಿದ ರಾಷ್ಟ್ರೀಯ ಪೋಷಣಾ ನಿಗಾ ಮಂಡಳಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಈ ಕೆಲಸ ಮಾಡಿತು. ಹಿಂದಿನ ದಿನ ಏನು ತಿಂದಿರಿ ಎಂದು ಕೇಳಿ, ಅಳತೆಯ ಬಟ್ಟಲು ತೋರಿಸಿ, ಎಷ್ಟು ಎಂದು ಬರೆದುಕೊಳ್ಳುವುದು.

ಈಗ ನಡೆಯುವ ದೊಡ್ಡ ಸಮೀಕ್ಷೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. 2019-21ರ ಐದನೇ ಸುತ್ತಿನಲ್ಲಿ 6 ಲಕ್ಷ 36 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹೋಗಿದ್ದರು. ಬೆರಳ ತುದಿಯ ರಕ್ತ ಪರೀಕ್ಷಿಸಿದಾಗ ದೇಶದ ಬಸುರಿಯರಲ್ಲಿ 52.2% ಮಂದಿಗೆ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 67.1% ಮಂದಿಗೆ ರಕ್ತಹೀನತೆ ಕಂಡಿತು. ಬೆರಳಿನ ಹನಿರಕ್ತದಿಂದ ಅಳೆಯುವುದು ಎಷ್ಟು ನಿಖರ ಎಂಬ ಬಗ್ಗೆ ತಜ್ಞರಲ್ಲಿ ತಕರಾರಿದೆ, ನರದಿಂದ ತೆಗೆದ ರಕ್ತದಲ್ಲಿ ಸಂಖ್ಯೆ ಬೇರೆ ಬರಬಹುದು. ಆದರೂ ಸಮಸ್ಯೆ ಸಣ್ಣದು ಎಂದು ಯಾರೂ ಹೇಳುತ್ತಿಲ್ಲ.

ಲೂಸಿ ಕಂಡ ರಕ್ತಹೀನತೆ ಫೋಲೇಟ್ ಕೊರತೆಯದು. ಇವತ್ತು ನಮ್ಮಲ್ಲಿ ಕಬ್ಬಿಣದ ಕೊರತೆ ಬಹಳ, ಬಿ12 ಕೊರತೆಯೂ ಇದೆ. ಹಾಗಾಗಿ ಯಾವುದೋ ಫಾರ್ವರ್ಡ್ ನೋಡಿ ಮಾರ್ಮೈಟ್ ಡಬ್ಬಿ ತರಿಸಿಕೊಂಡರೆ, ಅಥವಾ ಮೆಡಿಕಲ್ ಸ್ಟೋರಿನಿಂದ ಬರೀ ಫೋಲಿಕ್ ಆಸಿಡ್ ತಂದು ತಿಂಗಳುಗಟ್ಟಲೆ ನುಂಗಿದರೆ ಆಗುವುದಿಲ್ಲ. ಬಿ12 ಕೊರತೆ ಇದ್ದವರು ಬರೀ ಫೋಲಿಕ್ ಆಸಿಡ್ ತಿಂದರೆ ರಕ್ತ ಸರಿಹೋದಂತೆ ಕಾಣುತ್ತದೆ, ಒಳಗೆ ನರಗಳಿಗೆ ಆಗುವ ಹಾನಿ ಮುಂದುವರಿಯುತ್ತದೆ. ಸಸ್ಯಾಹಾರಿಗಳು ಇದನ್ನು ಡಾಕ್ಟರ ಬಳಿ ಕೇಳಿಯೇ ತಿಳಿಯಬೇಕು.

ಬೀಟ್‌ರೂಟ್ ಕೆಂಪಗಿದೆ, ಆದ್ದರಿಂದ ರಕ್ತವಾಗುತ್ತದೆ ಎನ್ನುವುದೂ ಅರ್ಧ ಸತ್ಯವೇ. ಅದರಲ್ಲಿ ಫೋಲೇಟ್ ಚೆನ್ನಾಗಿದೆ, ಕಬ್ಬಿಣ ಹೆಚ್ಚೇನಿಲ್ಲ, ಬಣ್ಣಕ್ಕೂ ರಕ್ತಕ್ಕೂ ಸಂಬಂಧವಿಲ್ಲ. ಫೋಲೇಟ್ ಬೇಕೆಂದರೆ ಸೊಪ್ಪು, ಹೆಸರುಕಾಳು, ಕಡಲೆ, ಅಲಸಂದೆ ಇವೆ. ಬಹಳ ಹೊತ್ತು ಬೇಯಿಸಿ ನೀರು ಬಸಿದು ಚೆಲ್ಲಿದರೆ ಅದರಲ್ಲಿ ಒಳ್ಳೆಯ ಪಾಲು ಚರಂಡಿಗೆ ಹೋಗುತ್ತದೆ. ಬಸ್ಸಾರು ಮಾಡುವ ಮನೆಗಳಲ್ಲಿ ಆ ಚಿಂತೆ ಇಲ್ಲ, ಬಸಿದ ಕಟ್ಟು ಸಾರಿಗೇ ಹೋಗುತ್ತದಲ್ಲ.

ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಈ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ, ಮಗು ತೀರಾ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಮನೆಯ ಹಿರಿಯರು ಹೇಳುವುದುಂಟು. ಎರಡಕ್ಕೂ ಆಧಾರವಿಲ್ಲ. ಕಪ್ಪಾಗುವುದು ಮಲ ಮಾತ್ರ, ಅದು ಕಬ್ಬಿಣದಿಂದ, ಹೆದರಬೇಕಿಲ್ಲ. ವಾಕರಿಕೆ ಬರುವವರು ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಬಹುದು. ಕಾಫಿ, ಟೀ, ಹಾಲು ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆ ಬೇಡ, ಅವು ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತವೆ.

ಬಸುರಿಯರು ಕಡಿಮೆ ಉಂಡರೆ ಮಗು ಚಿಕ್ಕದಾಗಿ ಹೆರಿಗೆ ಸಲೀಸು ಎಂಬ ಮಾತೂ ಇನ್ನೂ ನಿಂತಿಲ್ಲ. 1930ರ ಆ ಸಮೀಕ್ಷೆಯ ಹೆಂಗಸರು ಕಡಿಮೆಯೇ ಉಂಡಿದ್ದರು. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಕೂರಿಸಿ ಬಿಸಿಯೂಟ ಬಡಿಸತೊಡಗಿದರು. ಅನ್ನ, ಸಾರು, ಮೊಟ್ಟೆ, ಹಾಲು, ಚಿಕ್ಕಿ. ಅಕ್ಕಿ ಬೇಳೆ ಮನೆಗೆ ಕೊಟ್ಟು ಕಳಿಸಿದರೆ ಅದು ಎಲ್ಲರ ಪಾಲಾಗುತ್ತದೆ, ಅಲ್ಲೇ ಬಡಿಸಿದರೆ ಆಕೆಯ ಹೊಟ್ಟೆಗೇ ಹೋಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಮೇಲೆ ಹೇಳಿದ 0.8ರ ತೊಡಕಿಗೆ ಇದೂ ಒಂದು ಉತ್ತರ.

ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಗೆ ಬಂದರೆ ಹಾಲು, ಕಾಳು, ಸೊಪ್ಪು, ಹಣ್ಣು, ಮೊಟ್ಟೆ, ಮೀನು, ಮಾಂಸ ಒಂದೊಂದನ್ನೂ ದಿನಾ ತಿನ್ನುತ್ತೀರೋ, ವಾರಕ್ಕೊಮ್ಮೆಯೋ, ಯಾವಾಗಲಾದರೊಮ್ಮೆಯೋ ಎಂದು ಕೇಳುತ್ತಾರೆ. ಬಾಗಿಲಲ್ಲಿ ನಿಂತವರ ಮುಂದೆ ಮರ್ಯಾದೆಗೆ ಅಂಜಿ ಎಲ್ಲಕ್ಕೂ ದಿನಾ ಎಂದುಬಿಡುವವರಿದ್ದಾರೆ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆ ಬೇರೆ ಉತ್ತರ ಕೊಡುವುದು ಕಷ್ಟವೂ ಹೌದು. ಆ ಹತ್ತು ನಿಮಿಷ ಆಕೆಯನ್ನು ಒಬ್ಬಳನ್ನೇ ಮಾತಾಡಲು ಬಿಡಿ.